ನಮ್ಮನ್ನು ಕೇಳಿ ಕೂಡಿಸಿದಿರಾ?

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಅರ್ಧಕ್ಕರ್ಧ ಜನ ನಿನ್ನೆ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಊರಿಗೆ ಬಂದವರು. ನಾಳೆ ರಾತ್ರಿ ಮತ್ತೆ ಹತ್ತುವವರು. ಆದ್ದರಿಂದ ಮಾತು ಉದ್ದ ಎಳೆಯುವುದಿಲ್ಲ. ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ.

ನಾಳೆ ಬೆಳಿಗ್ಗೆ ಪೇಪರಿನಲ್ಲಿ ಒಂದು ಸುದ್ದಿ ಬಂತು ಎಂದಿಟ್ಟುಕೊಳ್ಳಿ. ಖರ್ಚು ಹೆಚ್ಚಾಯಿತು, ವರಮಾನ ಸಾಲದು, ಆದ್ದರಿಂದ ಬೆಂಗಳೂರಿನ ಕ್ರಿಕೆಟ್ ತಂಡವನ್ನೂ ಚೆನ್ನೈ ತಂಡವನ್ನೂ ಸೇರಿಸಿ ಒಂದೇ ತಂಡ ಮಾಡುತ್ತೇವೆ. ಅರ್ಧ ಪಂದ್ಯ ಇಲ್ಲಿ, ಅರ್ಧ ಪಂದ್ಯ ಅಲ್ಲಿ. ಅಂಗಿ ಅರ್ಧ ಕೆಂಪು, ಅರ್ಧ ಹಳದಿ. ಅಭಿಮಾನಿಗಳು ದಯವಿಟ್ಟು ಸಹಕರಿಸಬೇಕು!

ನಗುತ್ತಿದ್ದೀರಿ. ಇಂಥ ಸುದ್ದಿ ನಿಜವಾಗಿ ಬಂದರೆ ನಗುವುದಿಲ್ಲ, ಬೀದಿಗೆ ಇಳಿಯುತ್ತೀರಿ. 2008ರಿಂದ ಕಾದು ಕಾದು, 2025ರ ಜೂನ್ 3ರಂದು ಕಪ್ಪು ಗೆದ್ದಾಗ ಅತ್ತವರು ನೀವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜೀವ ಹೋದಾಗಲೂ ಅತ್ತವರು ನೀವೇ. ಆ ತಂಡದ ಒಡೆಯರು ಯಾರು, ಲಾಭ ಯಾರಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತು. ಆದರೂ ಅದು ನಮ್ಮದು ಎನ್ನುತ್ತೀರಿ. ಏಕೆಂದರೆ ಅದರ ಹೆಸರಿನಲ್ಲಿ ನಮ್ಮ ಊರಿದೆ.

ಇವತ್ತು ನಾನು ಆಡುವುದು ಈ 'ನಮ್ಮದು' ಎಂಬ ಮಾತಿನ ಬಗ್ಗೆ.

ಊರು ಹೆಸರಿನ ಮುಂದೆ

ನಮ್ಮ ಸೀಮೆಯ ಒಂದು ಪದ್ಧತಿ ನೋಡಿ. ನಾವು ಊರನ್ನು ಹೆಸರಿನ ಹಿಂದೆ ಇಡುವುದಿಲ್ಲ, ಮುಂದೆ ಇಡುತ್ತೇವೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಹಳ್ಳಿಯ ಹೆಸರನ್ನು ಶ್ರೀನಾಥ್ ಚೆಂಡಿನ ವೇಗದ ಜೊತೆ ಪ್ರಪಂಚಕ್ಕೆಲ್ಲ ಹೊತ್ತು ತಿರುಗಿದರು. ಗೊರೂರು ಎಂದ ಕೂಡಲೇ ರಾಮಸ್ವಾಮಿ ಅಯ್ಯಂಗಾರ್ಯರು. ಕನ್ನಡ ಚಳವಳಿಯ ಸೇನಾನಿ ಅ.ನ.ಕೃ. ಅವರ 'ಅ' ಅಂದರೆ ಅರಕಲಗೂಡು. ಎಸ್.ಎಲ್. ಭೈರಪ್ಪನವರ 'ಎಸ್' ಅಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಪ್ರಧಾನಿ ಪಟ್ಟ ಏರಿದ ಎಚ್.ಡಿ. ದೇವೇಗೌಡರ 'ಎಚ್' ಅಂದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ.

ದಿಲ್ಲಿಗೆ ಹೋದರೂ ಊರು ಮುಂದೆ, ಮನುಷ್ಯ ಹಿಂದೆ. ಇದು ನಮ್ಮ ಲೆಕ್ಕ. ಈ ಲೆಕ್ಕ ಗೊತ್ತಿದ್ದವರಿಗೆ, ಒಂದು ತಂಡದಿಂದಲೋ ಒಂದು ಸಂಸ್ಥೆಯಿಂದಲೋ ಊರಿನ ಹೆಸರು ಕಿತ್ತರೆ ಏನು ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಕಡೆ ಹೀಗೆ ಕಿತ್ತಾಗ ಅಲ್ಲಿನ ಜನ ಏನು ಮಾಡಿದರು? ಒಂದು ಪುಟ್ಟ ದೇಶದ ಕತೆ ಹೇಳುತ್ತೇನೆ.

ಮೂವತ್ತೊಂದು ಲಕ್ಷ ಜನರ ಛಲ

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಇಡೀ ದೇಶದ ಜನಸಂಖ್ಯೆ 2021ರ ಗಣತಿಯಲ್ಲಿ ಸುಮಾರು 31 ಲಕ್ಷ. ನಮ್ಮ ಹಾಸನ ಜಿಲ್ಲೆ ಒಂದರದ್ದೇ 2011ರಲ್ಲಿ 17.76 ಲಕ್ಷ! ಅವರ ವೆಲ್ಷ್ ನುಡಿ ಬಲ್ಲವರು ಐದು ಲಕ್ಷ ಚಿಲ್ಲರೆ. ಪಕ್ಕದಲ್ಲೇ ಇಂಗ್ಲಿಷ್ ಎಂಬ ಮಹಾಸಾಗರ. ಆದರೂ ಅಲ್ಲಿನ ರಸ್ತೆಯ ಬೋರ್ಡುಗಳಲ್ಲಿ ವೆಲ್ಷ್ ಇದೆ, ವೆಲ್ಷ್ ಶಾಲೆಗಳಿವೆ, 1982ರಿಂದ ವೆಲ್ಷ್ ಟಿ.ವಿ. ಚಾನೆಲ್ಲೂ ಇದೆ.

ಅವರ ಪ್ರಾಣ ರಗ್ಬಿ ಆಟ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವುದು, ಓಡುವವನನ್ನು ಕಬಡ್ಡಿಯಲ್ಲಿ ಹಿಡಿದಂತೆ ಹಿಡಿದು ಕೆಡವುವುದು. ಗಣಿಯೂರು, ಉಕ್ಕಿನ ಊರು, ಬಂದರಿನ ಊರು, ಎಲ್ಲಕ್ಕೂ ಒಂದೊಂದು ಕ್ಲಬ್ಬು. ಲನೆಲ್ಲಿ ಎಂಬ ತಗಡಿನ ಕಾರ್ಖಾನೆಗಳ ಊರಿನ ತಂಡ 1972ರ ಅಕ್ಟೋಬರ್ 31ರಂದು, ಅಂದರೆ ನಮ್ಮ ರಾಜ್ಯೋತ್ಸವದ ಹಿಂದಿನ ದಿನ, ನ್ಯೂಜಿಲೆಂಡ್ ದೇಶದ ತಂಡವನ್ನೇ 9-3ರಿಂದ ಸೋಲಿಸಿತು. ಆ ಅಂಕಿಯನ್ನು ಊರು ಇಂದಿಗೂ ಮರೆತಿಲ್ಲ.

ಆಮೇಲೆ ಬಂತು ದುಡ್ಡಿನ ಕಾಲ. 2003ರಲ್ಲಿ ವೇಲ್ಸ್ ರಗ್ಬಿ ಒಕ್ಕೂಟ ಲೆಕ್ಕ ಹಾಕಿತು: ಮೇಲಿನ ದರ್ಜೆಯಲ್ಲಿ ಒಂಬತ್ತು ಕ್ಲಬ್ಬು ಸಾಕುವುದು ಆಗದು, ಐದು ತಂಡ ಸಾಕು. ಪಕ್ಕ ಪಕ್ಕದ ಊರುಗಳನ್ನು ಗಂಟು ಹಾಕಿದರು. ನೀತ್ ಮತ್ತು ಸ್ವಾನ್ಸಿ ಎಂಬ ಹಳೆಯ ಎದುರಾಳಿಗಳು ಒಂದಾದರು. ಪಾಂಟಿಪ್ರಿಡ್ ಮತ್ತು ಬ್ರಿಜೆಂಡ್ ಸೇರಿ 'ಸೆಲ್ಟಿಕ್ ವಾರಿಯರ್ಸ್' ಆಯಿತು. ಊರಿನ ಹೆಸರೇ ಇಲ್ಲದ ತಂಡ! ಅದು ಬಾಳಿದ್ದು ಒಂದೇ ಒಂದು ವರ್ಷ. 2004ರಲ್ಲಿ ಬಾಗಿಲು ಮುಚ್ಚಿ, ಪಾಂಟಿಪ್ರಿಡ್ಡನ್ನು ಕಾರ್ಡಿಫ್ ತಂಡದ ಪಾಲಿಗೂ ಬ್ರಿಜೆಂಡನ್ನು ಆಸ್ಪ್ರೀಸ್ ತಂಡದ ಪಾಲಿಗೂ ಹಂಚಿದರು. ತನ್ನದೇ ತಂಡ ಇದ್ದ ಊರಿಗೆ, ನಾಳೆಯಿಂದ ನೆರೆಯವರಿಗೆ ಚಪ್ಪಾಳೆ ತಟ್ಟಿ ಎಂದರೆ ಕೈ ಏಳುತ್ತದೆಯೇ?

ಹೊಳೆನರಸೀಪುರದವರಿಗೂ ಅರಕಲಗೂಡಿನವರಿಗೂ ಇದು ಚೆನ್ನಾಗಿ ಅರ್ಥವಾಗುತ್ತದೆ. ದಸರಾ ಕ್ರೀಡಾಕೂಟದಲ್ಲಿ ನಿಮ್ಮ ಎರಡು ತಾಲ್ಲೂಕಿನ ಕಬಡ್ಡಿ ತಂಡಗಳನ್ನು ಒಂದು ಮಾಡಿ ನೋಡೋಣ! ಆಟಗಾರರು ಹೊಂದಿಕೊಂಡಾರು. ಅಂಕಣದ ಸುತ್ತ ನಿಂತವರು ಹೊಂದಿಕೊಳ್ಳುವುದಿಲ್ಲ.

ಇನ್ನೂ ಒಂದು ಗಮನಿಸಿ. ಕೂಡಿಸಿದ ಮೇಲೆ ಹೆಸರುಗಳು ಒಂದೊಂದಾಗಿ ಉದುರಿದವು. ನೀತ್-ಸ್ವಾನ್ಸಿ ಆಸ್ಪ್ರೀಸ್ ಬರೀ ಆಸ್ಪ್ರೀಸ್ ಆಯಿತು. ಲನೆಲ್ಲಿ ಸ್ಕಾರ್ಲೆಟ್ಸ್ 2008ರಲ್ಲಿ ಬರೀ ಸ್ಕಾರ್ಲೆಟ್ಸ್ ಆಯಿತು. ಊರು ಹೋಯಿತು, ಬಣ್ಣ ಉಳಿಯಿತು.

2019ರ ಮಾರ್ಚಿನಲ್ಲಿ ಮತ್ತೊಂದು ಬಾಂಬು ಬಿತ್ತು. ಆ ಆಸ್ಪ್ರೀಸನ್ನೂ ಸ್ಕಾರ್ಲೆಟ್ಸನ್ನೂ ಸೇರಿಸಿ ಒಂದೇ ಮಾಡಿ, ಉತ್ತರ ವೇಲ್ಸಿನಲ್ಲಿ ಹೊಸ ತಂಡ ಕಟ್ಟುವ ಯೋಜನೆ. ಕಪ್ಪು ಅಂಗಿಯವರೂ ಕೆಂಪು ಅಂಗಿಯವರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಮೂದಲಿಸಿದವರು. ಆದರೆ ಅಂದು ಇಬ್ಬರದೂ ಒಂದೇ ದನಿ: ನಮ್ಮನ್ನು ಕೇಳಿದಿರಾ? ಆಸ್ಪ್ರೀಸಿನ ಅಧ್ಯಕ್ಷರು ರಾಜೀನಾಮೆ ಬಿಸಾಕಿದರು. ಕೆಲವೇ ದಿನಗಳಲ್ಲಿ ಆ ಕೂಡಿಕೆ ಮುರಿದುಬಿತ್ತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಕಾರ್ಡಿಫ್ ತಂಡ ದಿವಾಳಿಯ ಅಂಚಿಗೆ ಬಂದು ಒಕ್ಕೂಟವೇ ಅದನ್ನು ವಹಿಸಿಕೊಂಡಿತು. ಆಗಸ್ಟಿನಲ್ಲಿ ಒಕ್ಕೂಟ, ನಾಲ್ಕು ತಂಡದ ಬದಲು ಎರಡೇ ಸಾಕು ಎಂದಿತು. ಈ ಸಲ ಮಾತ್ರ ತೀರ್ಮಾನಕ್ಕೆ ಮುಂಚೆ ಅಭಿಮಾನಿಗಳ ಅಭಿಪ್ರಾಯ ಕೇಳಬೇಕಾಯಿತು. ಜನ ಸಿಡಿದೆದ್ದರು. ಅಕ್ಟೋಬರಿನಲ್ಲಿ ಎರಡು ಎಂಬುದು ಮೂರಾಯಿತು. ಯಾವ ಊರು ಬಿಟ್ಟುಕೊಡಬೇಕು ಎಂಬ ಜಗಳ ಹಾಗೇ ಉಳಿಯಿತು. ಪೂರ್ಣ ಗೆಲುವಲ್ಲ. ಆದರೆ ಮೇಲಿನವರು ಹಾಕಿದ ಲೆಕ್ಕವನ್ನು ಕೆಳಗಿನವರು ತಿದ್ದಿದರು!

ನಮ್ಮ ತಂಡಗಳು ಯಾವುವು?

ಈಗ ಮನೆಗೆ ಬರೋಣ. ನಮ್ಮಲ್ಲಿ ಇಂಥ ಕೂಡಿಕೆ ಆಗಿಲ್ಲವೇ? ಆಗಿದೆ. ಮೂರು ವರ್ಷದಲ್ಲಿ ನಾಲ್ಕು ಸಲ. ನಾವು ನೋಡುತ್ತಾ ಕೂತಿದ್ದೆವು.

1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಹುಟ್ಟಿದ್ದು ಮೈಸೂರು ಬ್ಯಾಂಕು. 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು.

1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ರೈತಾಪಿ ಜನ ಕಟ್ಟಿದ್ದು ವಿಜಯಾ ಬ್ಯಾಂಕು. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಸೋತ ತಂಡವನ್ನು ಗೆದ್ದ ತಂಡಕ್ಕೆ ಸೇರಿಸುವುದು ಲೋಕರೂಢಿ. ಇಲ್ಲಿ ನೋಡಿ: 2017-18ರಲ್ಲಿ ವಿಜಯಾ ಬ್ಯಾಂಕಿಗೆ 727 ಕೋಟಿ ರೂಪಾಯಿ ಲಾಭ, ಬರೋಡಾಕ್ಕೆ 2,432 ಕೋಟಿ ನಷ್ಟ, ದೇನಾ ಬ್ಯಾಂಕಿಗೆ 1,923 ಕೋಟಿ ನಷ್ಟ. ಮೂರನ್ನೂ ಕೂಡಿಸಿದಾಗ ಅಳಿದದ್ದರಲ್ಲಿ ಲಾಭ ಮಾಡಿದ ಹೆಸರೂ ಒಂದು!

1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿಗೆ ಸೇರಿತು. ಅದೇ ದಿನ, 1925ರಲ್ಲಿ ಅದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿತು. ಇವತ್ತಿಗೂ ಹಾಸನದ ಅಂಗಡಿ ಬೀದಿಯಲ್ಲಿ ಸಂಜೆ ಪಿಗ್ಮಿ ಎತ್ತುವವರು ಬರುತ್ತಾರಲ್ಲ, ಆ ಪಿಗ್ಮಿಯನ್ನು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು ಸಿಂಡಿಕೇಟ್ ಬ್ಯಾಂಕು.

ನಾಲ್ಕರಲ್ಲಿ ಮೂರರ ಯಜಮಾನಿಕೆ ಕನ್ನಡ ನಾಡಿನಿಂದ ಹೊರಗೆ ಹೋಯಿತು. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ ಎಂದರೆ ಬೆಂಗಳೂರಿನ ಅಂಕಣಗಳಲ್ಲಿ ದೊಡ್ಡ ಹೆಸರು. ಬ್ಯಾಂಕಿನ ಹೆಸರು ಹೋದ ಮೇಲೆ ಆ ತಂಡದ ಹೆಸರೂ ಹೋಯಿತು.

ಬ್ಯಾಂಕಿಗೂ ರಗ್ಬಿಗೂ ಏನು ಸಂಬಂಧ ಎಂದು ಕೇಳಬಹುದು. ತಂಡ ವಾರಕ್ಕೊಮ್ಮೆ ಆಡುತ್ತದೆ. ಬ್ಯಾಂಕು ದಿನವೂ ಆಡುತ್ತದೆ, ನಮ್ಮ ಬದುಕಿನ ಜೊತೆ ಆಡುತ್ತದೆ. ರಾಮನಾಥಪುರದ ಹರಾಜುಕಟ್ಟೆಯಲ್ಲಿ ಹೊಗೆಸೊಪ್ಪು ಮಾರಿದ ದುಡ್ಡು ಬೀಳುವುದು ಅಲ್ಲಿ. ಹಾಸನದ ಆಲೂಗೆಡ್ಡೆ ಬಿತ್ತನೆಗೆ ಸಾಲ ಎತ್ತುವುದು ಅಲ್ಲಿ. ಚನ್ನರಾಯಪಟ್ಟಣದ ಕೊಬ್ಬರಿ ಹಣ ಜಮಾ ಆಗುವುದು ಅಲ್ಲಿ. ಆ ಕೌಂಟರಿನಲ್ಲಿ ನಮ್ಮ ನುಡಿ ನಡೆಯದಿದ್ದರೆ, ನಮ್ಮ ಅಂಗಳದಲ್ಲೇ ನಾವು ಹೊರಗಿನವರು.

ನನ್ನ ತಪ್ಪು

ನಾನು ಬೇರೆಯವರನ್ನು ದೂರುವ ಮುಂಚೆ ನನ್ನ ತಪ್ಪು ಒಪ್ಪಿಕೊಳ್ಳಬೇಕು.

ನಮ್ಮಪ್ಪ ಖಾತೆ ತೆರೆದದ್ದು ಮೈಸೂರು ಬ್ಯಾಂಕಿನಲ್ಲಿ. ನಾನು ಬೆಂಗಳೂರಿನಲ್ಲಿದ್ದಾಗ ಕನ್ನಡದ ಪ್ರತಿಭಟನೆ ಎಂದರೆ ನಾವು ಹೋಗಿ ನಿಲ್ಲುತ್ತಿದ್ದದ್ದು ಎಲ್ಲಿ? ಮೈಸೂರು ಬ್ಯಾಂಕ್ ವೃತ್ತದಲ್ಲಿ! ಆ ವೃತ್ತದಲ್ಲಿ ನಿಂತು ನಾನು ಕಾವೇರಿಗೆ ಕೂಗಿದ್ದೇನೆ, ನಾಮಫಲಕಕ್ಕೆ ಕೂಗಿದ್ದೇನೆ. ಮೈಸೂರು ಬ್ಯಾಂಕಿಗಾಗಿ ಒಂದು ದಿನವೂ ಕೂಗಲಿಲ್ಲ. ನೌಕರರು ಮುಷ್ಕರ ಮಾಡಿದರು. ಅದು ಅವರ ಸಂಬಳದ ವಿಚಾರ ಎಂದುಕೊಂಡೆ. 2016ರಲ್ಲಿ ಪಕ್ಕದ ಕೇರಳದ ವಿಧಾನಸಭೆ ತಮ್ಮ ತಿರುವಾಂಕೂರು ಬ್ಯಾಂಕಿನ ವಿಲೀನ ಬೇಡವೆಂದು ನಿರ್ಣಯವನ್ನೇ ಮಾಡಿತು. ಅವರ ಬ್ಯಾಂಕೂ ಉಳಿಯಲಿಲ್ಲ, ನಿಜ. ಆದರೆ ಅವರು ಬಾಯಿಬಿಟ್ಟು ಹೇಳಿದರು. ನಾನು ಹೇಳಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಸ ಪಾಸ್‌ಬುಕ್ಕು ಯಾವಾಗ ಕೊಡುತ್ತೀರಿ?

ಇದರ ಬೆಲೆ ನನಗೆ ಗೊತ್ತಾದದ್ದು ನಮ್ಮವ್ವನಿಂದ. ಬೇರೊಂದು ಬ್ಯಾಂಕು. ಹೆಸರು ಬೇಡ, ಊರೂ ಬೇಡ. ಅವ್ವ ದುಡ್ಡು ತೆಗೆಯಲು ಹೋಗಿ ಚೀಟಿಯನ್ನು ಕನ್ನಡದಲ್ಲಿ ತುಂಬಿ ಕೊಟ್ಟಳು. ಚೀಟಿ ವಾಪಸ್ ಬಂತು. ಆ ಕಡೆಯವರಿಗೆ ಕನ್ನಡ ಬಾರದು, ಇವಳಿಗೆ ಬೇರೆ ಬಾರದು. ಪಕ್ಕದಲ್ಲಿ ನಿಂತಿದ್ದ ಶಾಲೆಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ತುಂಬಿಕೊಟ್ಟ. ಮನೆಗೆ ಬಂದು ಅವ್ವ ಹೇಳಿದ್ದು ಇಷ್ಟೇ: "ನಂಗೆ ಓದು ಬರ ಬರಲ್ಲ ಅಂದ್ಕಂಬಿಟ್ರು ಕಣಪ್ಪ."

ಗೆಳೆಯರೇ, ಆಕೆ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು. ನನ್ನ ಕೈ ಹಿಡಿದು ಅ ಆ ಇ ಈ ತಿದ್ದಿಸಿದವಳು. ಆ ಕೌಂಟರಿನ ಮುಂದೆ ಒಂದೇ ಗಳಿಗೆಯಲ್ಲಿ ಆಕೆಯನ್ನು ಹೆಬ್ಬೆಟ್ಟು ಮಾಡಿಬಿಟ್ಟರು! ಕನ್ನಡ ಬಲ್ಲವರನ್ನು ಕನ್ನಡ ನಾಡಿನಲ್ಲೇ ಹೆಬ್ಬೆಟ್ಟು ಮಾಡುವುದು, ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಕೂಡಿಕೆ ಎಲ್ಲವೂ ಕೆಟ್ಟದ್ದಲ್ಲ

ಹಾಗಾದರೆ ಕೂಡಿಕೆಯೇ ಬೇಡವೇ? ಹಾಗೆ ನಾವು ಹೇಳುವಂತಿಲ್ಲ. ಏಕೆಂದರೆ ಕನ್ನಡ ನಾಡು ಹುಟ್ಟಿದ್ದೇ ಕೂಡಿಕೆಯಿಂದ. 1956ರ ನವೆಂಬರ್ 1ರಂದು ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ, ಎಲ್ಲವೂ ನಮ್ಮ ಹಳೇ ಮೈಸೂರಿನ ಜೊತೆ ಸೇರಿದವು. ಹಳೇ ಮೈಸೂರಿನ ಎಷ್ಟೋ ಜನ ಅಂದು ಹಿಂದೇಟು ಹಾಕಿದರು. ನಮ್ಮ ಭಾಗದಲ್ಲೂ ಅನುಮಾನವಿತ್ತು. ಆದರೂ ಆಲೂರು ವೆಂಕಟರಾಯರಂಥವರು ಹತ್ತಾರು ವರ್ಷ ಊರೂರು ಅಲೆದು, ಜನರ ಮನಸ್ಸು ಕಟ್ಟಿ, ಆಮೇಲೆ ನಾಡು ಕಟ್ಟಿದರು. ಅದನ್ನು ನಾವು ವಿಲೀನ ಎನ್ನುವುದಿಲ್ಲ. ಏಕೀಕರಣ ಎನ್ನುತ್ತೇವೆ.

ಅದೇ ದಿನ ಕಾಸರಗೋಡಿನ ಕನ್ನಡಿಗರನ್ನು ಕೇರಳಕ್ಕೆ ಸೇರಿಸಿದರು. ಅವರು ಬೇಡವೆಂದು ಕೂಗಿದರೂ ಕೇಳಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದೂ ಜಾರಿಗೆ ಬರಲಿಲ್ಲ. ಒಂದೇ ದಿನ, ಒಂದೇ ಭೂಪಟ. ಒಂದು ಕಡೆ ಹಬ್ಬ, ಇನ್ನೊಂದು ಕಡೆ ಗಾಯ.

ವ್ಯತ್ಯಾಸ ಇಲ್ಲಿದೆ. ಜನ ಕೂಡಿದರೆ ಏಕೀಕರಣ. ಜನರನ್ನು ಕೂಡಿಸಿದರೆ ವಿಲೀನ. ಹಣ, ಕಟ್ಟಡ, ಕುರ್ಚಿ, ಕಡತ, ಎಲ್ಲವನ್ನೂ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಅಭಿಮಾನವನ್ನು ವರ್ಗಾಯಿಸಲು ಯಾವ ಚಲನ್ನೂ ಇಲ್ಲ.

ನಮ್ಮ ಗ್ರಾಮೀಣ ಬ್ಯಾಂಕನ್ನೇ ನೋಡಿ. ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಬಳ್ಳಾರಿಯ ಪ್ರಗತಿ ಕೃಷ್ಣದ ಜೊತೆ ಸೇರಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣವೂ ಸೇರಿ, ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಅಲ್ಲೂ ಜನರನ್ನು ಕೇಳಿದವರಿಲ್ಲ. ಆದರೆ ಯಜಮಾನಿಕೆ ಬಳ್ಳಾರಿಯಲ್ಲಿ ಉಳಿಯಿತು, ಹೆಸರಿನಲ್ಲಿ ಕರ್ನಾಟಕ ಉಳಿಯಿತು. ಅದನ್ನು ನಮ್ಮದಾಗಿ ಉಳಿಸಿಕೊಳ್ಳುವ ದಾರಿ ಇನ್ನೂ ತೆರೆದಿದೆ.

ಮುಂದೇನು?

ಕೆಲವರಿಗೆ ಸುಲಭದ ದಾರಿ ಒಂದಿದೆ. ಕೌಂಟರಿನಲ್ಲಿ ಕೂತ ಹುಡುಗನ ಮೇಲೆ ಹರಿಹಾಯ್ದು, ಮೊಬೈಲಿನಲ್ಲಿ ಚಿತ್ರ ತೆಗೆದು ಹರಿಯಬಿಡುವುದು. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕನ್ನಡದ ವಿಚಾರಕ್ಕೆ ಮಾತಿಗೆ ಮಾತು ಬೆಳೆದು ರಾಜ್ಯವೆಲ್ಲ ನೋಡಿತು. ಮುಖ್ಯಮಂತ್ರಿ ಖಂಡಿಸಿದರು, ಆ ಅಧಿಕಾರಿಯ ವರ್ಗಾವಣೆಯಾಯಿತು. ಒಂದು ಕುರ್ಚಿ ಬದಲಾಯಿತು. ಕುರ್ಚಿಗೆ ಜನರನ್ನು ಕಳಿಸುವ ವ್ಯವಸ್ಥೆ ಬದಲಾಯಿತೇ?

ಆ ವ್ಯವಸ್ಥೆ ತಿಳಿದುಕೊಳ್ಳಿ. ಗುಮಾಸ್ತರನ್ನು ರಾಜ್ಯವಾರು ತೆಗೆದುಕೊಳ್ಳುತ್ತಾರೆ, ಸ್ಥಳೀಯ ಭಾಷೆಯ ಪರೀಕ್ಷೆ ಇದೆ. ಅಧಿಕಾರಿಗಳನ್ನು ದೇಶದ ಯಾವ ಮೂಲೆಗಾದರೂ ಹಾಕಬಹುದು. ಹೊರಗಿನಿಂದ ಬಂದ ಅಧಿಕಾರಿಯೂ ನಿಮ್ಮ ಹಾಗೇ ಮನೆ ಬಿಟ್ಟು ಬಂದವರು. ಅವರನ್ನು ಬೈಯಬೇಡಿ. ಅವರಿಗೆ ಕನ್ನಡ ಕಲಿಸದೆ ಕಳಿಸಿದವರನ್ನು ಕೇಳಿ.

ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು 2019ರಲ್ಲಿ ಆಯಿತು. ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನೂ ಕನ್ನಡ ಸೇರಿ 13 ಭಾಷೆಗಳಲ್ಲಿ ನಡೆಸಬೇಕೆಂದು 2021ರ ಸೆಪ್ಟೆಂಬರಿನಲ್ಲಿ ಹಣಕಾಸು ಸಚಿವಾಲಯ ಹೇಳಿತು. ಇದು ಕನ್ನಡಿಗರು ವರ್ಷಗಟ್ಟಲೆ ಕೇಳಿ ಕೇಳಿ ಬಂದ ಫಲ. ಹಾಗಾದರೆ ಪರೀಕ್ಷೆ ಬರೆಯಿರಿ! ಹಾಸನದ ಎಷ್ಟು ಹುಡುಗರು ಅರ್ಜಿ ಹಾಕಿದ್ದೀರಿ? ಕೈ ಎತ್ತಿ ನೋಡೋಣ. ಸಾಲದು. ಇನ್ನೂ ಬೇಕು.

ಎರಡನೆಯದು. ಚೆಕ್ಕನ್ನು ಕನ್ನಡದಲ್ಲಿ ಬರೆಯುವ ಹಕ್ಕು ನಿಮಗಿದೆ. ಬೋರ್ಡು, ನಮೂನೆ, ಗ್ರಾಹಕರಿಗೆ ಕೊಡುವ ಮಾಹಿತಿ, ಎಲ್ಲವೂ ಹಿಂದಿ ಇಂಗ್ಲಿಷಿನ ಜೊತೆ ಆಯಾ ಪ್ರಾಂತ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ನಿಮ್ಮ ಶಾಖೆಯಲ್ಲಿ ಇಲ್ಲವೇ? ಕನ್ನಡದಲ್ಲೇ ದೂರು ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಕಳಿಸಿ. ಒಬ್ಬರು ಬರೆದರೆ ಒಂದು ಕಾಗದ. ನಾಲ್ಕು ತಾಲ್ಲೂಕಿನಿಂದ ನಾನೂರು ಹೋದರೆ ಅದು ಚಳವಳಿ.

ಮೂರನೆಯದು ಬಹಳ ಸಣ್ಣದು. ಮುಂದಿನ ಸಲ ಊರಿಗೆ ಬಂದಾಗ ಅವ್ವನನ್ನೋ ಅಪ್ಪನನ್ನೋ ಬ್ಯಾಂಕಿಗೆ ಕರೆದುಕೊಂಡು ಹೋಗಿ. ಚೀಟಿಯನ್ನು ನೀವು ಇಂಗ್ಲಿಷಿನಲ್ಲಿ ತುಂಬಿಕೊಡಬೇಡಿ. ಅವರೇ ಕನ್ನಡದಲ್ಲಿ ತುಂಬಲಿ. ನೀವು ಪಕ್ಕದಲ್ಲಿ ನಿಲ್ಲಿ. ಅದು ತೆಗೆದುಕೊಳ್ಳುವವರೆಗೂ ನಿಲ್ಲಿ. ಕೂಗಬೇಡಿ, ನಿಲ್ಲಿ.

ವೇಲ್ಸಿನ ಜನರಿಂದ ನಾವು ಕಲಿಯಬೇಕಾದದ್ದು ಒಂದೇ. ಅವರು ತಮ್ಮ ತಂಡ ಹೋದ ಮೇಲೆ ಅಳುವುದನ್ನು 2004ರಲ್ಲಿ ಕಲಿತರು. ಹೋಗುವ ಮುಂಚೆ ಎದ್ದು ನಿಲ್ಲುವುದನ್ನು 2019ರಲ್ಲಿ ಕಲಿತರು. ನಡುವೆ ಹದಿನೈದು ವರ್ಷ ಹಿಡಿಯಿತು. ನಾವು 2017ರಿಂದ ಲೆಕ್ಕ ಹಾಕಿದರೆ, ಕಲಿಯುವ ಸಮಯ ಬಂದಿದೆ.

ನನ್ನ ಅವ್ವ ಈಗಲೂ ಚೀಟಿಯನ್ನು ಕನ್ನಡದಲ್ಲೇ ಬರೆಯುತ್ತಾಳೆ. ಈಗ ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ನೀವೂ ನಿಲ್ಲುತ್ತೀರಿ ಎಂದು ನಂಬಿ ಮಾತು ಮುಗಿಸುತ್ತೇನೆ.

ಸಿರಿಗನ್ನಡಂ ಗೆಲ್ಗೆ!